ಚೆರ್ರಿ ಸೀಗಡಿಯ ಬಣ್ಣ ಕಟ್ಟುವುದು: ಗಂಡನ್ನೂ ಸ್ವಲ್ಪ ನೋಡಿ

ಎಲ್ಲರಿಗೂ ನಮಸ್ಕಾರ. ಈ ಬಿಳಿ ಟಬ್‌ನಲ್ಲಿ ಓಡಾಡುತ್ತಿರುವುದೆಲ್ಲಾ ಒಂದೇ ಟ್ಯಾಂಕಿನ ಚೆರ್ರಿ ಸೀಗಡಿ, ಅಂದರೆ ಅಕ್ವೇರಿಯಂನಲ್ಲಿ ಸಾಕುವ ಪುಟ್ಟ ಕೆಂಪು ಸೀಗಡಿ. ಮರಿ ಮಾಡಿಸಲು ಬಣ್ಣ ದಟ್ಟವಾಗಿರುವವನ್ನು ಆರಿಸೋಣ ಅಂತ ಇಲ್ಲಿಗೆ ತಂದಿದ್ದೇನೆ. ಕಪ್ಪು ಮರಳಿನ ಮೇಲೆ, ಜಾವಾ ಮಾಸ್ ಅನ್ನುವ ನೀರಿನ ಗಿಡದ ನಡುವೆ ಇದ್ದಾಗ ಎಲ್ಲವೂ ಕೆಂಪಗೇ ಕಾಣುತ್ತಿದ್ದವು. ಟಬ್‌ಗೆ ಬಂದ ತಕ್ಷಣ ನೋಡಿ, ಯಾವುದು ಗಟ್ಟಿ ಕೆಂಪು, ಯಾವುದು ಸುಮ್ನೆ ಕೆಂಪು ಚುಕ್ಕೆ ಹೊತ್ತುಕೊಂಡು ತಿರುಗುತ್ತಿದೆ, ಎಲ್ಲಾ ಬಯಲಾಯಿತು.

ಆದರೆ ಇಲ್ಲಿ ಜಾಸ್ತಿ ಹೊತ್ತು ಬಿಡಬಾರದು. ಹೆದರಿದ ಸೀಗಡಿ ಬಣ್ಣ ಬಿಡುತ್ತದೆ, ಬಿಳಿ ತಳದ ಮೇಲೆ ಇಟ್ಟರೂ ಮೆಲ್ಲಗೆ ಮಂಕಾಗುತ್ತದೆ. ಹಾಗಾಗಿ ಬೇಗ ಬೇಗ, ಒಂದನ್ನು ಇನ್ನೊಂದರ ಪಕ್ಕ ಇಟ್ಟು ನೋಡಬೇಕು. ನಿನ್ನೆ ತೆಗೆದ ಫೋಟೋ ಜೊತೆ ಹೋಲಿಸಿದರೆ ಏನೂ ಗೊತ್ತಾಗುವುದಿಲ್ಲ.

ಟಬ್‌ನ ಮೂಲೆಯಲ್ಲಿ ಗಾಜಿನ ಹಾಗೆ ಒಂದು ಬಿದ್ದಿದೆ, ಕಂಡಿತಾ? ಕಾಲು, ಮೀಸೆ, ಕಣ್ಣಿನ ಜಾಗ ಎಲ್ಲಾ ಇದೆ. ಸತ್ತ ಸೀಗಡಿ ಅಂತ ಗಾಬರಿ ಬೀಳಬೇಡಿ, ಅದು ಕಳಚಿದ ಪೊರೆ. ಅದರಲ್ಲಿ ಬಣ್ಣವೇ ಇಲ್ಲ ಅಲ್ವಾ? ಬಣ್ಣ ಇರುವುದು ಚಿಪ್ಪಿನ ಕೆಳಗಿನ ಚರ್ಮದ ಜೀವಕೋಶಗಳಲ್ಲಿ. ಫೋನಿನ ಮ್ಯಾಕ್ರೋ ಲೆನ್ಸ್‌ನಲ್ಲಿ ನೋಡಿ. ಈ ಸಾಧಾರಣ ಸೀಗಡಿಯ ಬೆನ್ನಿನ ಮೇಲೆ ಕೆಂಪು ಚುಕ್ಕೆಗಳು ಬಿಡಿಬಿಡಿಯಾಗಿವೆ, ನಡುವೆ ಆಚೆ ಕಡೆಯದೆಲ್ಲಾ ಕಾಣುತ್ತದೆ. ಈಗ ಇದನ್ನು ನೋಡಿ. ಚುಕ್ಕೆ ಅಂತ ಬೇರೆ ಮಾಡಿ ಹೇಳುವುದಕ್ಕೇ ಆಗುವುದಿಲ್ಲ, ಮೇಲಿಂದ ಕೆಳಗೆ ಒಂದೇ ಲೇಪ, ಕಾಲಿನ ತುದಿವರೆಗೂ ಕೆಂಪು. ಚೆರ್ರಿ, ಸಕುರಾ, ಫೈರ್ ರೆಡ್, ಪೇಂಟೆಡ್ ಫೈರ್ ರೆಡ್ ಅಂತ ಗ್ರೇಡ್ ಹೇಳುತ್ತಾರಲ್ಲಾ, ಅದೆಲ್ಲಾ ಈ ಲೇಪ ಎಷ್ಟು ದಟ್ಟ ಅನ್ನುವುದರ ಲೆಕ್ಕ. ನಾನಂತೂ ಗ್ರೇಡಿನ ಹೆಸರಿಗೆ ತಲೆ ಕೆಡಿಸಿಕೊಳ್ಳುವುದಿಲ್ಲ, ಒಬ್ಬರ ಸಕುರಾ ಇನ್ನೊಬ್ಬರ ಫೈರ್ ರೆಡ್. ನಾನು ನೋಡುವುದು ಕಾಲು. ಮೈ ಕೆಂಪಾಗಿ ಕಾಲು ತೆಳುವಾಗಿದ್ದರೆ ಇನ್ನೂ ಕೆಲಸ ಬಾಕಿ ಇದೆ ಅಂತ ಅರ್ಥ.

ಇಷ್ಟಕ್ಕೂ ಇವುಗಳ ಮೂಲ ಬಣ್ಣ ಕೆಂಪೇ ಅಲ್ಲ. ನಿಯೋಕ್ಯಾರಿಡಿನಾ ಡೇವಿಡಿ ಅಂತ ಈ ಜಾತಿಯ ಹೆಸರು, ಪೂರ್ವ ಏಷ್ಯಾದ ಹೊಳೆಗಳಲ್ಲಿ ಸಿಗುವ ಕಂದು ಬಣ್ಣದ, ಅರೆ ಪಾರದರ್ಶಕ ಸೀಗಡಿ. ಮೀನಿನ ಕಣ್ಣಿಗೆ ಬೀಳದೆ ಬದುಕಲು ಅದೇ ಸರಿಯಾದ ಬಣ್ಣ. ಕೆಂಪು, ಹಳದಿ, ನೀಲಿ, ಕಿತ್ತಳೆ ಎಲ್ಲವನ್ನೂ ಮನುಷ್ಯರು ಆರಿಸಿ ಆರಿಸಿ ಉಳಿಸಿಕೊಂಡಿದ್ದು. ಅದಕ್ಕೇ ಒಂದೇ ಟ್ಯಾಂಕಿಗೆ ಎಲ್ಲಾ ಬಣ್ಣದ್ದನ್ನೂ ಹಾಕಿದರೆ ಕೆಲವು ತಲೆಮಾರು ಕಳೆಯುವಷ್ಟರಲ್ಲಿ ಬಹುತೇಕ ಮರಿಗಳು ವಾಪಸ್ ಕಂದು ಬಣ್ಣಕ್ಕೇ ತಿರುಗುತ್ತವೆ. ಒಂದು ಟ್ಯಾಂಕ್, ಒಂದೇ ಬಣ್ಣ. ಇದರಲ್ಲಿ ಚೌಕಾಸಿ ಇಲ್ಲ.

ಈಗ ಗಂಡಿನ ವಿಷಯಕ್ಕೆ ಬರೋಣ. ಬಲೆ ಹಿಡಿದು ಕೂತರೆ ಎಲ್ಲರ ಕೈಯೂ ಹೆಣ್ಣಿನ ಕಡೆಗೇ ಹೋಗುತ್ತದೆ. ಹೆಣ್ಣು ದೊಡ್ಡದು, 3 ಸೆಂಟಿಮೀಟರ್ ಹತ್ತಿರ ಬೆಳೆಯುತ್ತದೆ, ಹೊಟ್ಟೆಯ ಕೆಳಗಿನ ಅಂಚು ಬಾಗಿ ಅಗಲವಾಗಿರುತ್ತದೆ, ಬಣ್ಣವೂ ದಟ್ಟ. ಗಂಡು ಸಣ್ಣದು, ಸಪೂರ, ಹೊಟ್ಟೆಯ ಗೆರೆ ನೇರ, ಬಣ್ಣ ತೆಳು. ಅತ್ಯುತ್ತಮ ಹೆಣ್ಣುಗಳನ್ನು ಆರಿಸಿಕೊಂಡು, ಗಂಡು ಯಾವುದಾದರೇನು ಅಂತ ಕೈಗೆ ಸಿಕ್ಕಿದ್ದನ್ನು ಬಿಡುವವರೇ ಜಾಸ್ತಿ. ಮರಿಗೆ ಅರ್ಧ ಅಪ್ಪನಿಂದಲೇ ಬರುವುದಲ್ವಾ? ಅದೂ ಅಲ್ಲದೆ ಒಂದು ಗಂಡು ಎಷ್ಟೋ ಹೆಣ್ಣುಗಳ ಜೊತೆ ಕೂಡುತ್ತದೆ. ಹೆಣ್ಣು ಪೊರೆ ಕಳಚಿದ ಕೂಡಲೇ ನೀರಿಗೆ ಒಂದು ವಾಸನೆ ಬಿಡುತ್ತದೆ, ಆಗ ಟ್ಯಾಂಕಿನ ಗಂಡುಗಳೆಲ್ಲಾ ಹುಚ್ಚು ಹಿಡಿದವರಂತೆ ಈ ಗಾಜಿನಿಂದ ಆ ಗಾಜಿಗೆ ಈಜಾಡುತ್ತವೆ, ಯಾವುದು ಮೊದಲು ತಲುಪುತ್ತದೋ ಅದರ ಪುಣ್ಯ. ನಿಮ್ಮ ಟ್ಯಾಂಕಿನ ತೀರಾ ಮಂಕಾದ ಗಂಡೇ ಮೊದಲು ತಲುಪಬಹುದು.

ಹಾಗಾಗಿ ನಾನು ಎರಡು ಟಬ್ ಇಡುತ್ತೇನೆ. ಹೆಣ್ಣನ್ನು ಹೆಣ್ಣಿನ ಜೊತೆ ಹೋಲಿಸುವುದು, ಗಂಡನ್ನು ಗಂಡಿನ ಜೊತೆ. ಇಬ್ಬರನ್ನೂ ಒಂದೇ ಟಬ್‌ನಲ್ಲಿ ನೋಡಿದರೆ ಒಳ್ಳೆಯ ಗಂಡೂ ಕಳಪೆ ಅನಿಸುತ್ತದೆ. ಈ ಗಂಡು ನೋಡಿ, ಪಕ್ಕದ ಹೆಣ್ಣಿನ ಮುಂದೆ ಏನೂ ಅಲ್ಲ. ಆದರೆ ಉಳಿದ ಗಂಡುಗಳ ನಡುವೆ ಬಿಡಿ, ಕೆನ್ನೆಯಿಂದ ಬಾಲದವರೆಗೆ ಎಲ್ಲೂ ಖಾಲಿ ಜಾಗ ಇಲ್ಲ. ಇದು ಉಳಿಯುತ್ತದೆ.

ಆರಿಸುವುದಕ್ಕೆ ಸರಿಯಾದ ವಯಸ್ಸು ಯಾವುದು? ಮೊಟ್ಟೆ ಹೊಟ್ಟೆಯ ಕೆಳಗೆ 3-4 ವಾರ ಇರುತ್ತದೆ, ಸಾಮಾನ್ಯವಾಗಿ 20-30 ಮೊಟ್ಟೆ. ಹೊರಬರುವ ಮರಿ 2 ಮಿಲಿಮೀಟರ್, ಆಗಲೇ ಅಪ್ಪಟ ಸೀಗಡಿಯ ರೂಪ. ಆದರೆ ಬಣ್ಣ ನೋಡಿ ಆಗಲೇ ತೀರ್ಪು ಕೊಡಬೇಡಿ, ಬಣ್ಣ ನಿಧಾನಕ್ಕೆ ತುಂಬಿಕೊಳ್ಳುತ್ತದೆ. ಸುಮಾರು 3 ತಿಂಗಳಿಗೆ ಪ್ರಾಯಕ್ಕೆ ಬರುತ್ತವೆ. ಅದಕ್ಕೆ ಸ್ವಲ್ಪ ಮೊದಲು, ಹೆಣ್ಣಿನ ತಲೆಯ ಹಿಂದೆ ಕುದುರೆಯ ಜೀನಿನ (ಸ್ಯಾಡಲ್) ಆಕಾರದಲ್ಲಿ ಹಳದಿ ಅಥವಾ ಹಸಿರು ಮಚ್ಚೆ ಕಾಣಿಸಿಕೊಳ್ಳುವ ಹೊತ್ತಿಗೆ, ಬೇರೆ ಮಾಡಿಬಿಡಬೇಕು. ಅದು ಅಂಡಾಶಯದಲ್ಲಿ ಮೊಟ್ಟೆ ಬೆಳೆಯುತ್ತಿರುವ ಗುರುತು. ತೀರಾ ದಟ್ಟ ಬಣ್ಣದವುಗಳಲ್ಲಿ ಅದು ಕಾಣುವುದೂ ಇಲ್ಲ, ಲೇಪದ ಹಿಂದೆ ಅಡಗಿಬಿಡುತ್ತದೆ. ಅಂಥ ಕಡೆ ಹೊಟ್ಟೆಯ ಬಾಗು ನೋಡಿ ಅಂದಾಜು ಮಾಡಬೇಕು.

ಕೆಂಪು ಬರಲಿ ಅಂತ ಬಣ್ಣದ ಆಹಾರ ಹಾಕುವವರಿದ್ದಾರೆ. ಹಾಕಿ, ತಪ್ಪೇನಿಲ್ಲ, ಅಸ್ಟಾಕ್ಸಾಂಥಿನ್ ಅನ್ನುವ ಕೆಂಪು ಬಣ್ಣದ ಅಂಶ ಇರುವ ಆಹಾರ ಕೆಂಪಿಗೆ ಒಳ್ಳೆಯದು. ಆದರೆ ಊಟದಿಂದ ಬಂದ ಬಣ್ಣ ಮರಿಗೆ ಹೋಗುವುದಿಲ್ಲ. ಆರಿಸುವಾಗ ಎಲ್ಲಕ್ಕೂ ಒಂದೇ ಊಟ, ಒಂದೇ ನೀರು, ಒಂದೇ ಬೆಳಕು ಇರಬೇಕು, ಇಲ್ಲದಿದ್ದರೆ ನೀವು ಆರಿಸುತ್ತಿರುವುದು ಊಟವನ್ನು, ಸೀಗಡಿಯನ್ನಲ್ಲ.

ಕ್ರಿಸ್ಟಲ್ ರೆಡ್ ಅನ್ನುವ ಕೆಂಪು-ಬಿಳಿ ಪಟ್ಟೆಯ ಸೀಗಡಿ ಬಗ್ಗೆ ಒಂದು ಮಾತು. ಅದು ಬೇರೆ ಜಾತಿ, ಕ್ಯಾರಿಡಿನಾ ಕುಲದ್ದು. 1990ರ ದಶಕದಲ್ಲಿ ಜಪಾನಿನ ಹಿಸಯಾಸು ಸುಜುಕಿ ಅನ್ನುವವರು ಕಪ್ಪು ಪಟ್ಟೆಯ ಬೀ ಸೀಗಡಿಗಳ ನಡುವೆ ಹುಟ್ಟಿದ ಕೆಂಪು ಮರಿಯಿಂದ ಆ ತಳಿ ಕಟ್ಟಿದರು. ಅಲ್ಲಿ ಕೆಂಪು ಅಡಗುವ ಗುಣ. ಶುದ್ಧ ಕಪ್ಪಿನ ಜೊತೆ ಕೂಡಿಸಿದರೆ ಮರಿಗಳೆಲ್ಲಾ ಕಪ್ಪು, ಆ ಮರಿಗಳನ್ನೇ ಪರಸ್ಪರ ಕೂಡಿಸಿದರೆ ಸರಾಸರಿ 4ರಲ್ಲಿ 1 ಕೆಂಪು. ನಮ್ಮ ಚೆರ್ರಿಯಲ್ಲಿ ಇಷ್ಟು ಸಲೀಸಾದ ಲೆಕ್ಕ ಸಿಗುವುದಿಲ್ಲ. ದಟ್ಟತನ ತಲೆಮಾರಿನಿಂದ ತಲೆಮಾರಿಗೆ ಸ್ವಲ್ಪ ಸ್ವಲ್ಪವೇ ಏರುತ್ತದೆ, ಆರಿಸುವುದು ನಿಲ್ಲಿಸಿದರೆ ಹಾಗೇ ಇಳಿಯುತ್ತದೆ.

ಒಂದೇ ಕುಟುಂಬದೊಳಗೇ ಸುತ್ತುತ್ತಾ ಹೋದರೆ ಮರಿಗಳು ಕಡಿಮೆಯಾಗುತ್ತವೆ, ಪೊರೆ ಕಳಚುವಾಗ ಸಾಯುವುದು ಹೆಚ್ಚಾಗಬಹುದು. ಆಗ ಅದೇ ಬಣ್ಣದ ಬೇರೆ ಸಾಲಿನಿಂದ ಕೆಲವು ತಂದು ಸೇರಿಸಬೇಕು. ನೀರಿನ ಪಾಠ ಇನ್ನೊಮ್ಮೆ ಹೇಳುತ್ತೇನೆ, ಸದ್ಯಕ್ಕೆ ತಾಮ್ರ ಇರುವ ಔಷಧಿ ಹತ್ತಿರ ಸುಳಿಯಲೂ ಬಿಡಬೇಡಿ, ಅಷ್ಟು ಸಾಕು.

ಬೇಡವಾದವನ್ನು ಏನು ಮಾಡುವುದು ಅಂತ ಕೇಳುತ್ತೀರಲ್ಲಾ. ನಾನು ಅವನ್ನೆಲ್ಲಾ ಇನ್ನೊಂದು ಟ್ಯಾಂಕಿಗೆ ಬಿಡುತ್ತೇನೆ, ಪಾಚಿ ತಿಂದುಕೊಂಡು ಹಾಯಾಗಿರುತ್ತವೆ. ಕೆರೆಗೋ ಹೊಳೆಗೋ ಮಾತ್ರ ಬಿಡಬೇಡಿ. ಜರ್ಮನಿ, ಪೋಲೆಂಡ್‌ಗಳ ಹೊಳೆಗಳಲ್ಲಿ ಈ ಸೀಗಡಿ ಆಗಲೇ ನೆಲೆಯೂರಿದೆ, ಅಲ್ಲಿಗೆ ಅದು ತಾನಾಗಿ ನಡೆದು ಹೋಗಿದ್ದಲ್ಲ. ಸರಿ, ಈ ಟಬ್‌ನಲ್ಲಿ ಇನ್ನೂ ಗಂಡುಗಳು ಉಳಿದಿವೆ, ಕಾಲು ನೋಡಿ ಮುಗಿಸುತ್ತೇನೆ. ಇವುಗಳ ಮರಿ ಬಣ್ಣ ಕಟ್ಟಿದ ಮೇಲೆ ಇದೇ ಟಬ್, ಇದೇ ಲೈಟ್ ಇಟ್ಟು ತೋರಿಸುತ್ತೇನೆ.