ಅಪ್ಪಯ್ಯನ ಪಿಂಚಣಿ, ಮಗಳ ಪ್ರಾನ್ ನಂಬರು

ಎಲ್ಲರಿಗೂ ನಮಸ್ಕಾರ. ಇಂಥ ಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ. ಬಾಗಿಲ ಹತ್ತಿರ ಒರಗಿಸಿಟ್ಟ ಕೊಡೆಗಳನ್ನು ನೋಡಿದರೆ ಸಭೆಯಲ್ಲಿ ನಿವೃತ್ತರೇ ಜಾಸ್ತಿ ಅನ್ನಿಸುತ್ತದೆ. ಎಲ್ಲವೂ ಉದ್ದ ಹಿಡಿಯ ಕರಿ ಕೊಡೆಗಳು. ಬಟನ್ ಒತ್ತಿದರೆ ಬಿಚ್ಚುವ ಕೊಡೆ ಮೂರೋ ನಾಲ್ಕೋ ಇವೆ. ಅವು ಎನ್‌ಪಿಎಸ್‌ನವರದ್ದು, ಅಂದರೆ ಹೊಸ ಪಿಂಚಣಿ ಯೋಜನೆಯವರದ್ದು ಇರಬೇಕು.

ನಾನು ಖಜಾನೆಯಲ್ಲಿ 31 ವರ್ಷ ಕೆಲಸ ಮಾಡಿದವನು. ಬಿಲ್ಲು ಪಾಸು ಮಾಡುವುದು, ಇಲ್ಲವೇ ಆಬ್ಜೆಕ್ಷನ್ ಹಾಕಿ ವಾಪಸ್ ಕಳಿಸುವುದು. ನನಗೆ ಗೊತ್ತಿದ್ದ ವಿದ್ಯೆ ಇವೆರಡೇ. ಇಲ್ಲಿ ಕೂತಿರುವ ಒಂದಿಬ್ಬರ ಬಿಲ್ಲಿಗೂ ಹಾಕಿರುತ್ತೇನೆ. ಹಳೇ ಸಿಟ್ಟಿದ್ದರೆ ಇವತ್ತು ಬಿಟ್ಟುಬಿಡಿ.

ಇವತ್ತಿನ ವಿಷಯ ಪಿಂಚಣಿ ಮತ್ತು ಆಸ್ಪತ್ರೆ ಖರ್ಚು. ಇವನ್ನು ಹಿಡಿದುಕೊಂಡು ಪಕ್ಷಗಳು ಯಾಕೆ ಹೀಗೆ ಜಗಳ ಆಡುತ್ತವೆ, ಆ ಜಗಳದ ಅಡಿಯಲ್ಲಿರುವ ಲೆಕ್ಕ ಏನು ಅಂತ. ಆದರೆ ನನಗೆ ಇದು ಅರ್ಥವಾಗಿದ್ದು ಕಚೇರಿಯಲ್ಲಿ ಅಲ್ಲ, ಮನೆಯ ಅಡುಗೆಮನೆಯಲ್ಲಿ.

ಒಂದು ಭಾನುವಾರ. ಕಡುಬು ತಿನ್ನುತ್ತಾ ಕೂತಿದ್ದೆವು. ನನ್ನ ಮಗಳು ಸರ್ಕಾರಿ ಪ್ರೌಢಶಾಲೆಯಲ್ಲಿ ಟೀಚರ್. ಎಡಗೈಯಲ್ಲಿ ಮೊಬೈಲ್ ಹಿಡಿದು ತನ್ನ ಪಿಂಚಣಿ ಖಾತೆ ನೋಡುತ್ತಿದ್ದವಳು, "ಅಪ್ಪಯ್ಯ, ಮೊನ್ನೆಗಿಂತ ಎಂಟು ಸಾವಿರ ಕಡಿಮೆ ಆಗಿದೆ" ಅಂದಳು. "ಯಾರು ತೆಗೆದದ್ದು?" ಅಂದೆ. "ಯಾರೂ ತೆಗೀಲಿಲ್ಲ, ಮಾರ್ಕೆಟ್ ಬಿತ್ತು" ಅಂದಳು, ಮತ್ತೆ ಚಟ್ನಿ ಹಾಕಿಕೊಂಡಳು. ವೋಚರ್ ಇಲ್ಲದೆ ಖರ್ಚು ಬೀಳುವ ಖಾತೆಯನ್ನು ನಾನು ನೋಡಿದ್ದು ಅದೇ ಮೊದಲು. ನಾನಾಗಿದ್ದರೆ ಆಬ್ಜೆಕ್ಷನ್ ಹಾಕುತ್ತಿದ್ದೆ.

ನನ್ನ ಪಿಂಚಣಿ ಹಾಗಲ್ಲ. ಪೂರ್ತಿ ಸರ್ವಿಸ್ ಆಗಿದ್ದರೆ ಕೊನೆಯ ಮೂಲ ವೇತನದ ಅರ್ಧ, ಅದರ ಮೇಲೆ ಡಿಎ, ಅಂದರೆ ಬೆಲೆ ಏರಿದಂತೆ ಏರುವ ತುಟ್ಟಿಭತ್ಯೆ. ನಾನು ಹೋದರೆ ಹೆಂಡತಿಗೆ ಕುಟುಂಬ ಪಿಂಚಣಿ. ಪೇ ಕಮಿಷನ್ ಬಂದರೆ ಅದೂ ಏರುತ್ತದೆ. 2024ರ ಆಗಸ್ಟ್‌ನಿಂದ ನಮ್ಮ ರಾಜ್ಯದಲ್ಲಿ ಏಳನೇ ವೇತನ ಆಯೋಗ ಜಾರಿಯಾಯಿತಲ್ಲ, ಆಗ ಕನಿಷ್ಠ ಪಿಂಚಣಿ 8,500ರಿಂದ 13,500ಕ್ಕೆ ಹೋಯಿತು. ಇದಕ್ಕಾಗಿ ನಾನು ಸರ್ವಿಸ್‌ನಲ್ಲಿ ಇದ್ದಷ್ಟು ದಿನ ಸಂಬಳದಿಂದ ಒಂದು ಪೈಸೆ ಕಟ್ಟಿಲ್ಲ.

ಮಗಳ ಕಥೆ ಬೇರೆ. ಅವಳದ್ದು ಎನ್‌ಪಿಎಸ್. ಅವಳ ಮೂಲ ವೇತನ ಮತ್ತು ಡಿಎ ಸೇರಿಸಿ ನೂರಕ್ಕೆ 10 ರೂಪಾಯಿ ಕಟ್. ಸರ್ಕಾರ ಮೊದಲು ಅಷ್ಟೇ ಹಾಕುತ್ತಿತ್ತು, ಈಗ 14 ಹಾಕುತ್ತದೆ. ಆ ದುಡ್ಡು ಪ್ರಾನ್ ಅನ್ನುವ ನಂಬರಿನ ಖಾತೆಗೆ ಹೋಗಿ, ಅಲ್ಲಿಂದ ಸಾಲಪತ್ರ, ಷೇರು ಅಂತ ಹಂಚಿಹೋಗುತ್ತದೆ. ರಿಟೈರ್ ಆದಾಗ ಗಂಟಿನಲ್ಲಿ 60 ಭಾಗವನ್ನು ಕೈಗೆ ತೆಗೆದುಕೊಳ್ಳಬಹುದು. ಉಳಿದ 40 ಭಾಗಕ್ಕಾದರೂ ವಿಮಾ ಕಂಪನಿಯಿಂದ ತಿಂಗಳ ಪಿಂಚಣಿ ಕೊಳ್ಳಬೇಕು. ಸುಮ್ನೆ ಲೆಕ್ಕಕ್ಕೆ ಹೇಳುತ್ತೇನೆ. ಗಂಟು 50 ಲಕ್ಷ ಆಯ್ತು ಅಂದುಕೊಳ್ಳಿ. 40 ಭಾಗ ಅಂದರೆ 20 ಲಕ್ಷ. ನೂರಕ್ಕೆ ಆರರಂತೆ ಸಿಕ್ಕರೆ ತಿಂಗಳಿಗೆ 10,000. ಅದಕ್ಕೆ ಡಿಎ ಇಲ್ಲ. ಅರುವತ್ತರಲ್ಲಿ ಹತ್ತು ಸಾವಿರ, ಎಂಬತ್ತರಲ್ಲೂ ಹತ್ತು ಸಾವಿರ. ಕೈಗೆ ಬಂದ 30 ಲಕ್ಷ ಇರುತ್ತದಲ್ಲ ಅನ್ನುತ್ತೀರಿ. ಮಗನ ಮನೆ ಸಾಲ, ಮಗಳ ಮದುವೆ, ಬೋರ್‌ವೆಲ್. ಅದು ಎಷ್ಟು ದಿನ ಉಳಿಯುತ್ತದೆ ಅಂತ ನಿಮಗೇ ಗೊತ್ತು.

ಈಗ ಪಕ್ಷಗಳ ಕಡೆ ಬರೋಣ. ಎನ್‌ಪಿಎಸ್ ತಂದದ್ದು ವಾಜಪೇಯಿ ಸರ್ಕಾರ. 2004ರ ಜನವರಿ 1ರಿಂದ ಸೇರಿದ ಕೇಂದ್ರ ನೌಕರರಿಗೆ ಅನ್ವಯ. ಸೈನ್ಯಕ್ಕೆ ಇಲ್ಲ. ಆಮೇಲೆ ಬಂದ ಮನಮೋಹನ್ ಸಿಂಗ್ ಸರ್ಕಾರ ಇದನ್ನು ಕೈಬಿಡಲಿಲ್ಲ. 2013ರಲ್ಲಿ ಕಾನೂನನ್ನೇ ಮಾಡಿತು. ವಿರೋಧ ಪಕ್ಷದಲ್ಲಿದ್ದ ಬಿಜೆಪಿ ಅದಕ್ಕೆ ಬೆಂಬಲ ಕೊಟ್ಟಿತು. ಎಡಪಕ್ಷಗಳು ಮಾತ್ರ ಮೊದಲಿನಿಂದ ಕೊನೆಯವರೆಗೆ ಬೇಡ ಅಂದವು. ನಮ್ಮ ರಾಜ್ಯಕ್ಕೆ ಬಂದದ್ದು 2006ರ ಏಪ್ರಿಲ್ 1ಕ್ಕೆ. ಆಗ ಇದ್ದದ್ದು ಜೆಡಿಎಸ್–ಬಿಜೆಪಿ ಸರ್ಕಾರ. ಕುಮಾರಸ್ವಾಮಿ ಮುಖ್ಯಮಂತ್ರಿ, ಹಣಕಾಸು ನಮ್ಮ ಶಿಕಾರಿಪುರದ ಯಡಿಯೂರಪ್ಪನವರ ಕೈಯಲ್ಲಿ. ಆಮೇಲೆ ಮೂರೂ ಪಕ್ಷಗಳು ಬಂದವು, ಹೋದವು, ಮತ್ತೆ ಬಂದವು. ಎನ್‌ಪಿಎಸ್ ಮಾತ್ರ ಎಲ್ಲೂ ಹೋಗಲಿಲ್ಲ.

ಅಂದರೆ ಹುಟ್ಟಿದಾಗ ಈ ಕೂಸಿಗೆ ಎರಡು ದೊಡ್ಡ ಪಕ್ಷಗಳೂ ಅಪ್ಪಂದಿರೇ. ಕೂಸು ಬೆಳೆದು ವೋಟು ಹಾಕುವ ವಯಸ್ಸಿಗೆ ಬಂದಾಗ ರಗಳೆ ಶುರುವಾಯಿತು. 2022ರಲ್ಲಿ ರಾಜಸ್ಥಾನ ಹಳೇ ಪಿಂಚಣಿಗೆ, ಅಂದರೆ ನನ್ನಂಥವರಿಗೆ ಬರುವ ಪಿಂಚಣಿಗೆ, ವಾಪಸ್ ಹೋಗುತ್ತೇವೆ ಅಂದಿತು. ಛತ್ತೀಸ್‌ಗಢ, ಜಾರ್ಖಂಡ್, ಪಂಜಾಬ್, ಹಿಮಾಚಲ ಹಿಂದೆ ಬಂದವು. ನಮ್ಮಲ್ಲಿ ಆ ಡಿಸೆಂಬರ್‌ನಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ನೌಕರರು ಧರಣಿ ಕೂತರು. (ಅದು ಬೆಂಗಳೂರಿನ ಹಳೇ ಜೈಲು, ನಮ್ಮ ಶಿವಮೊಗ್ಗದ ಹಳೇ ಜೈಲಲ್ಲ. ಜೈಲಿದ್ದ ಜಾಗಕ್ಕೆಲ್ಲ ಫ್ರೀಡಂ ಅಂತ ಹೆಸರಿಡುವುದು ನಮ್ಮ ಸರ್ಕಾರಗಳ ಒಂದು ತಮಾಷೆ.) 2023ರ ಮಾರ್ಚ್ 1ರ ಮುಷ್ಕರ ನೆನಪಿದೆಯಲ್ಲ? ಸೋಗಾನೆಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾಗಿ ಎರಡೇ ದಿನ. ಅದೇ ದಿನವೇ ಬೊಮ್ಮಾಯಿ ಸರ್ಕಾರ 17 ಪರ್ಸೆಂಟ್ ಮಧ್ಯಂತರ ಪರಿಹಾರ ಕೊಟ್ಟಿತು, ಹಳೇ ಪಿಂಚಣಿ ನೋಡಲು ಒಂದು ಸಮಿತಿ ಅಂದಿತು. ಮುಷ್ಕರ ಮುಗಿಯಿತು.

ಎರಡು ತಿಂಗಳಿಗೆ ಚುನಾವಣೆ. ಕಾಂಗ್ರೆಸ್ ಪ್ರಣಾಳಿಕೆಯಲ್ಲಿ 2006ರ ನಂತರ ಸೇರಿದವರಿಗೆ ಹಳೇ ಪಿಂಚಣಿ ಕೊಡುವುದನ್ನು "ಸಹಾನುಭೂತಿಯಿಂದ ಪರಿಶೀಲಿಸುತ್ತೇವೆ" ಅನ್ನುವ ಅರ್ಥದ ಮಾತಿತ್ತು. ಖಜಾನೆಯಲ್ಲಿ ಇದ್ದವರಿಗೆ ಈ ಭಾಷೆ ಹಾಲು ಕುಡಿದಷ್ಟು ಸಲೀಸು. ಕೊಡುತ್ತೇವೆ ಅಂದರೆ ಕೊಡುತ್ತೇವೆ ಅಂತ. ಪರಿಶೀಲಿಸುತ್ತೇವೆ ಅಂದರೆ ಫೈಲು ಇದೆ ಅಂತ. 2024ರ ಜನವರಿಯಲ್ಲಿ ಒಂದು ಆದೇಶ ಬಂತು, ನಿಜ. ಅದು 2006ರ ಏಪ್ರಿಲ್‌ಗೂ ಮೊದಲೇ ನೇಮಕದ ಪ್ರಕಟಣೆ ಆಗಿ, ಆಮೇಲೆ ಕೆಲಸಕ್ಕೆ ಸೇರಿದ ಸುಮಾರು 13,000 ಜನರಿಗೆ. ಅವರಿಗೆ ನ್ಯಾಯ ಸಿಕ್ಕಿತು. ನನ್ನ ಮಗಳು ಆ ಪಟ್ಟಿಯಲ್ಲಿ ಇಲ್ಲ.

ಇಲ್ಲಿ ಒಂದು ಗುಟ್ಟು ಹೇಳಬೇಕು. ಒಂದು ರಾಜ್ಯ ನಾಳೆ ಬೆಳಿಗ್ಗೆ ಹಳೇ ಪಿಂಚಣಿಗೆ ವಾಪಸ್ ಹೋದರೆ ಖರ್ಚು ತಕ್ಷಣ ಜಾಸ್ತಿ ಆಗುತ್ತದೆ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಆಗುವುದು ಉಲ್ಟಾ. ತಿಂಗಳು ತಿಂಗಳು ಕಟ್ಟುತ್ತಿದ್ದ ಆ 14 ರೂಪಾಯಿ ನಿಂತುಹೋಗುತ್ತದೆ. ಸರ್ಕಾರದ ಕೈಯಲ್ಲಿ ದುಡ್ಡು ಉಳಿಯುತ್ತದೆ. 2006ರ ನಂತರ ಸೇರಿದವರು ಗುಂಪುಗುಂಪಾಗಿ ರಿಟೈರ್ ಆಗಲು ಇನ್ನೂ ಹತ್ತು–ಹದಿನೈದು ವರ್ಷ ಇದೆ. ಬಿಲ್ಲು ಬರುವುದು ಆಗ. ಆ ಹೊತ್ತಿಗೆ ಘೋಷಣೆ ಮಾಡಿದವರು ಹಾರ ಹಾಕಿಸಿಕೊಂಡು ಮನೆಗೆ ಹೋಗಿರುತ್ತಾರೆ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ರಿಸರ್ವ್ ಬ್ಯಾಂಕ್ ರಾಜ್ಯಗಳ ಹಣಕಾಸಿನ ವರದಿಯಲ್ಲಿ ಎಚ್ಚರಿಸಿದ್ದೂ ಇದನ್ನೇ. ಎನ್‌ಪಿಎಸ್ ಇದಕ್ಕೆ ತದ್ವಿರುದ್ಧ. ಅದರಲ್ಲಿ ಸರ್ಕಾರಕ್ಕೆ ಈಗ ಎರಡು ಕಡೆ ಸುಡುತ್ತದೆ, ನನ್ನಂಥವರ ಪಿಂಚಣಿಯೂ ಕೊಡಬೇಕು, ಮಗಳ ಖಾತೆಗೂ ಹಾಕಬೇಕು. ಹಗುರ ಆಗುವುದು ಮುಂದೆ. ಐದು ವರ್ಷಕ್ಕೊಮ್ಮೆ ವೋಟು ಕೇಳುವವರಿಗೆ ಯಾವುದು ರುಚಿ ಅಂತ ನೀವೇ ಹೇಳಿ.

ಕೇಂದ್ರ ಸರ್ಕಾರ 2024ರ ಆಗಸ್ಟ್‌ನಲ್ಲಿ ತನ್ನ ನೌಕರರಿಗೆ ಯುಪಿಎಸ್ ಅಂತ ಇನ್ನೊಂದು ಪಿಂಚಣಿ ಯೋಜನೆ ತಂದಿತು. 2025ರ ಏಪ್ರಿಲ್ 1ರಿಂದ ಜಾರಿ. 25 ವರ್ಷ ಸರ್ವಿಸ್ ಆಗಿದ್ದರೆ ಕೊನೆಯ 12 ತಿಂಗಳ ಸರಾಸರಿ ಮೂಲ ವೇತನದ ಅರ್ಧ ಖಾತ್ರಿ, ಬೆಲೆ ಏರಿದಂತೆ ಅದೂ ಏರುತ್ತದೆ. ಹತ್ತು ವರ್ಷ ಸರ್ವಿಸ್ ಆಗಿದ್ದರೂ ತಿಂಗಳಿಗೆ 10,000ಕ್ಕೆ ಕಡಿಮೆ ಇಲ್ಲ. ನೌಕರ 10 ಕಟ್ಟಬೇಕು, ಸರ್ಕಾರದ ಪಾಲು 18.5. ಹಳೇ ಪಿಂಚಣಿ ದೇಶ ಮುಳುಗಿಸುತ್ತದೆ ಅಂತ ಭಾಷಣ ಮಾಡಿದವರೇ ಅರ್ಧ ಸಂಬಳದ ಖಾತ್ರಿ ಕೊಟ್ಟರು. ಅಳಿಯ ಅಲ್ಲ, ಮಗಳ ಗಂಡ ಅಂದ ಹಾಗೆ ಆಯಿತು. ನಗಬಹುದು, ಆದರೆ ನನ್ನ ಮಟ್ಟಿಗೆ ಇದರಲ್ಲಿ ಹುರುಳಿದೆ. ನೌಕರನೂ ಕಟ್ಟುತ್ತಾನೆ, ಸರ್ಕಾರವೂ ಈಗಲೇ ಎತ್ತಿಡುತ್ತದೆ, ಮಾರ್ಕೆಟ್ ಬಿದ್ದರೆ ಟೀಚರಮ್ಮನ ತಲೆ ಮೇಲೆ ಬೀಳುವುದಿಲ್ಲ. ಇಲ್ಲಿರುವ ನನ್ನ ಎನ್‌ಪಿಎಸ್ ಮಿತ್ರರಿಗೆ ಈ ಮಾತು ಹಿಡಿಸದು, ಗೊತ್ತು. ಒಂದು ಪೈಸೆ ಕಟ್ಟದೆ ಪಿಂಚಣಿ ತಿನ್ನುವವನು ನಮಗೆ ಬುದ್ಧಿ ಹೇಳುತ್ತಾನೆ ಅಂತೀರಿ. ಅನ್ನಿ. ಮನೆಯಲ್ಲೂ ಅದನ್ನೇ ಅನ್ನಿಸಿಕೊಂಡು ಬಂದಿದ್ದೇನೆ.

ಭದ್ರಾವತಿಯಿಂದ ಬಂದವರು ಮೂರನೇ ಸಾಲಿನಲ್ಲಿ ಸುಮ್ಮನೆ ಕೂತಿದ್ದಾರೆ. ಅವರಿಗೆ ಇದೆಲ್ಲ ಸಾಹುಕಾರರ ಜಗಳದ ಹಾಗೆ ಕೇಳುತ್ತಿರಬಹುದು. ಕಾರ್ಖಾನೆಯವರದ್ದು ಇಪಿಎಸ್, ಪಿಎಫ್ ಕಟ್ಟುವ ನೌಕರರಿಗೆ ಇರುವ 1995ರ ಪಿಂಚಣಿ ಯೋಜನೆ. ಅದರ ಸೂತ್ರ ಬಹಳ ಸರಳ. ಪಿಂಚಣಿಗೆ ಲೆಕ್ಕ ಹಿಡಿಯುವ ಸಂಬಳವನ್ನು ಸರ್ವಿಸ್ ವರ್ಷದಿಂದ ಗುಣಿಸಿ 70ರಿಂದ ಭಾಗಿಸಬೇಕು. ಆ ಸಂಬಳಕ್ಕೆ 6,500 ಮಿತಿ ಇದ್ದ ಕಾಲದಲ್ಲಿ 14 ವರ್ಷ ದುಡಿದವನಿಗೆ 1,300 ರೂಪಾಯಿ. ಡಿಎ ಇಲ್ಲ. ಕನಿಷ್ಠ 1,000 ಅಂತ ನಿಗದಿ ಆಗಿದ್ದು 2014ರಲ್ಲಿ. ಅದಕ್ಕೂ ಒಂದು ವರ್ಷ ಮೊದಲು ರಾಜ್ಯಸಭೆಯ ಒಂದು ಸಮಿತಿ ಕನಿಷ್ಠ 3,000 ಕೊಡಿ ಅಂದಿತ್ತು. ಆ ಸಮಿತಿಯ ಅಧ್ಯಕ್ಷರು ಆಗ ವಿರೋಧ ಪಕ್ಷದಲ್ಲಿದ್ದ ಬಿಜೆಪಿಯ ಭಗತ್ ಸಿಂಗ್ ಕೋಶಿಯಾರಿ. ಮರುವರ್ಷ ಅವರದೇ ಪಕ್ಷ ಅಧಿಕಾರಕ್ಕೆ ಬಂತು. ಅವರು ಹೇಳಿದ ಮೂರು ಸಾವಿರ ಮಾತ್ರ ಬರಲಿಲ್ಲ. 3,000 ಬೇಡಿದವರೂ 1,000 ಕೊಟ್ಟವರೂ ಬದಲಾದದ್ದು ಕುರ್ಚಿಯ ಜೊತೆಗೇ.

ಆಸ್ಪತ್ರೆ ವಿಷಯಕ್ಕೆ ಬರುತ್ತೇನೆ. ಯಶಸ್ವಿನಿ ನಿಮಗೆಲ್ಲ ಗೊತ್ತು. ಎಸ್.ಎಂ. ಕೃಷ್ಣ ಅವರ ಕಾಲದಲ್ಲಿ, 2003ರಲ್ಲಿ, ಸಹಕಾರ ಸಂಘದ ರೈತರಿಗೆ ಶುರುವಾದ ಆಸ್ಪತ್ರೆ ಖರ್ಚಿನ ಯೋಜನೆ. ತಿಂಗಳಿಗೆ ಐದು ರೂಪಾಯಿ ಲೆಕ್ಕ, ವರ್ಷಕ್ಕೆ 60. ಸೊಸೈಟಿಗೆ ಗೊಬ್ಬರ ತರಲು ಹೋದವರು ಅಲ್ಲೇ ಕಾರ್ಡ್ ಮಾಡಿಸಿಕೊಂಡು ಬರುತ್ತಿದ್ದರು. 2018ರಲ್ಲಿ ಅದನ್ನು ಆರೋಗ್ಯ ಕರ್ನಾಟಕ ಅನ್ನುವ ಯೋಜನೆಯೊಳಗೆ ಸೇರಿಸಿ ನಿಲ್ಲಿಸಿದರು. 2022ರಲ್ಲಿ ಇನ್ನೊಂದು ಸರ್ಕಾರ ಮತ್ತೆ ಶುರು ಮಾಡಿತು. ಹಳ್ಳಿಯಲ್ಲಿ ನಾಲ್ಕು ಜನರ ಕುಟುಂಬಕ್ಕೆ 500 ರೂಪಾಯಿ. ನಡುವಿನ ನಾಲ್ಕು ವರ್ಷ ಸೊಸೈಟಿ ಕಟ್ಟೆಯ ಮೇಲೆ ಕೇಳಿಬಂದ ಮಾತು ಒಂದೇ, "ನಮ್ಮ ಕಾರ್ಡು ನಡೀತದಾ?"

ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಎಪಿಎಲ್ ಆದರೆ ಪ್ಯಾಕೇಜ್ ದರದ 30 ಪರ್ಸೆಂಟ್, ಅದೂ ಒಂದೂವರೆ ಲಕ್ಷದವರೆಗೆ. ಒಂದೆಕರೆ ತೋಟ, ಒಂದು ಹಳೇ ಜೀಪು ಇದ್ದವನನ್ನು ಎಪಿಎಲ್ ಅಂದರೆ ಮಲೆನಾಡಿನಲ್ಲಿ ಏನಾಗುತ್ತದೆ? ಉಣುಗು ಹುಳ ಕಚ್ಚಿ ಬರುವ ಮಂಗನ ಕಾಯಿಲೆ ಮೊದಲು ಕಂಡದ್ದೇ ನಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಜ್ವರ ಜೋರಾದರೆ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಓಡಬೇಕು. ಉಣುಗು ಕಚ್ಚುವಾಗ ರೇಷನ್ ಕಾರ್ಡು ನೋಡಿ ಕಚ್ಚುವುದಿಲ್ಲ, ಅಲ್ವಾ?

ಸರ್ಕಾರಿ ನೌಕರರ ಕಥೆಯೂ ದೊಡ್ಡದೇ. ಸರ್ವಿಸ್‌ನಲ್ಲಿದ್ದಾಗ ನನ್ನ ಹೆಂಡತಿಗೆ ಆಪರೇಷನ್ ಆಯಿತು. ಮರುಪಾವತಿಗೆ ಹಾಕಿದ ಬಿಲ್ಲು ಒಂದು ಕಚೇರಿಯಿಂದ ಮೂರು ಸಲ ವಾಪಸ್ ಬಂತು. ಮೊದಲ ಸಲ, ಚಿಕಿತ್ಸೆ ಅಗತ್ಯವಿತ್ತು ಅನ್ನುವ ಎಸೆನ್ಷಿಯಾಲಿಟಿ ಸರ್ಟಿಫಿಕೇಟ್‌ನಲ್ಲಿ ಡಾಕ್ಟರ ಸೀಲು ಅರ್ಧ ಬಿದ್ದಿದೆ ಅಂತ. ಎರಡನೇ ಸಲ ಔಷಧಿ ಚೀಟಿಗಳಿಗೆ ಕ್ರಮಸಂಖ್ಯೆ ಹಾಕಿಲ್ಲ ಅಂತ. ಮೂರನೇ ಸಲ, ಕ್ರಮಸಂಖ್ಯೆಯನ್ನು ಪೆನ್ಸಿಲ್‌ನಲ್ಲಿ ಹಾಕಿದ್ದೀರಿ ಅಂತ. ಜೀವಮಾನವಿಡೀ ಆಬ್ಜೆಕ್ಷನ್ ಬರೆದವನಿಗೆ ಆಬ್ಜೆಕ್ಷನ್‌ನ ರುಚಿ ಗೊತ್ತಾಗಿದ್ದು ಆಗ.

ಈಗ ನೌಕರರಿಗೆ ಆರೋಗ್ಯ ಸಂಜೀವಿನಿ ಬಂದಿದೆ, ನಗದುರಹಿತ ಚಿಕಿತ್ಸೆ. ಘೋಷಿಸಿದ್ದು ಬಿಜೆಪಿ ಸರ್ಕಾರ, ಜಾರಿಯಾದದ್ದು ಕಾಂಗ್ರೆಸ್ ಸರ್ಕಾರದಲ್ಲಿ, 2025ರ ಅಕ್ಟೋಬರ್ 1ಕ್ಕೆ. ಸಂಬಳದಿಂದ ತಿಂಗಳಿಗೆ ಎ ಗ್ರೂಪಿಗೆ 1,000, ಬಿಗೆ 500, ಸಿಗೆ 350, ಡಿಗೆ 250. ಜಾಸ್ತಿ ಇರುವವನು ಜಾಸ್ತಿ ಕಟ್ಟು, ಕಾಯಿಲೆ ಬಂದರೆ ಎಲ್ಲರಿಗೂ ಸಿಗಲಿ ಅನ್ನುವ ಲೆಕ್ಕ. ಪಿಂಚಣಿಯಲ್ಲಿ ಒಪ್ಪದ ಮಾತನ್ನು ಆಸ್ಪತ್ರೆಯಲ್ಲಿ ಒಪ್ಪಿಕೊಂಡಿದ್ದೇವೆ, ನೋಡಿ. ಇದು ಸೇವೆಯಲ್ಲಿ ಇರುವವರಿಗೆ ಅಂತ ಶುರುವಾದದ್ದು. ಮಂಡಿ, ಸಕ್ಕರೆ, ಕಣ್ಣಿನ ಪೊರೆ ಎಲ್ಲ ಬರುವುದು ರಿಟೈರ್ ಆದ ಮೇಲೆ.

ಇನ್ನೊಂದೇ ವಿಷಯ, ಆಮೇಲೆ ಕೂರುತ್ತೇನೆ. ನಮ್ಮೂರಿನ ಮನೆಗೆ ಅಡಿಕೆ ಸುಲಿಯಲು ಒಬ್ಬರು ಬರುತ್ತಾರೆ. ಎಪ್ಪತ್ತು ದಾಟಿದೆ. ಮೆಟ್ಟುಗತ್ತಿಯ ಮುಂದೆ ಕೂತರೆ ಈಗಲೂ ಕೈ ಕಾಣುವುದಿಲ್ಲ, ಅಷ್ಟು ಬೀಸು. ಒಂದು ಸಂಜೆ ಕೆಲಸ ನಿಲ್ಲಿಸಿ ಬೆರಳು ನೋಡಿಕೊಳ್ಳುತ್ತಿದ್ದರು. ಚೊಗರು ಹಿಡಿದು ಕಪ್ಪಾಗಿದ್ದ ಬೆರಳು. "ಥಂಬ್ ತಗಳ್ತಿಲ್ಲ ಅಂತಾರೆ ಅಣ್ಣಯ್ಯ, ಗೆರೆ ಎಲ್ಲ ಸವೆದು ಹೋಗ್ಯದಂತೆ" ಅಂದರು. ಅವರಿಗೆ ಸಂಧ್ಯಾ ಸುರಕ್ಷಾ, ಅಂದರೆ ರಾಜ್ಯ ಸರ್ಕಾರ ವಯಸ್ಸಾದವರಿಗೆ ಕೊಡುವ ಪಿಂಚಣಿ ಬರುತ್ತದೆ, ತಿಂಗಳಿಗೆ 1,200 ರೂಪಾಯಿ. 2021ರಲ್ಲಿ ಸಾವಿರದಿಂದ ಏರಿದ್ದು. ಕೇಂದ್ರದ ವೃದ್ಧಾಪ್ಯ ಪಿಂಚಣಿಯ ಪಾಲು 80 ವರ್ಷದ ಒಳಗಿನವರಿಗೆ 200 ರೂಪಾಯಿ. ಅದು ಎಷ್ಟೋ ವರ್ಷದಿಂದ ಕದಲಿಲ್ಲ. ಇವರ ಪರವಾಗಿ ಯಾರೂ ಮುಷ್ಕರ ಮಾಡುವುದಿಲ್ಲ. ಮಾಡಿದರೆ ನಿಲ್ಲುವ ಕಚೇರಿ ಯಾವುದೂ ಇಲ್ಲ.

ಆಮೇಲೆ ಅವರು ಕೇಳಿದರು: "ನಿಮ್ಗೂ ಬರ್ತದಲ, ಎಷ್ಟು ಬರ್ತದೆ?"

ಎಷ್ಟು ಅಂತ ನಾನು ಹೇಳಲಿಲ್ಲ. "ಬರ್ತದೆ ಮಾರಾಯ್ತಿ, ಏನೋ ಒಂದಿಷ್ಟು" ಅಂದು ಒಳಗೆ ಹೋದೆ.

ಪ್ರಶ್ನೆ ಇದ್ದವರು ಕೇಳಬಹುದು. ಡಿಎ ಯಾವಾಗ ಅನ್ನುವವರು ಮಾತ್ರ ನನ್ನನ್ನು ಕೇಳಬೇಡಿ, ಹಿಂದಿನ ಸಾಲಿನಲ್ಲಿ ಮಫ್ಲರ್ ಸುತ್ತಿಕೊಂಡು ಕೂತಿದ್ದಾರಲ್ಲ, ಅವರನ್ನು ಕೇಳಿ. ಅವರ ವಾಟ್ಸಾಪಿಗೆ ಆದೇಶ ಸರ್ಕಾರ ಸಹಿ ಹಾಕುವ ಮೊದಲೇ ಬಂದಿರುತ್ತದೆ.