ಬೀಗದ ಒಳಗೆ ಹಾಕಿಸಿಕೊಂಡ ಸಹಿ

ನಮಸ್ಕಾರ. ಅಮೆರಿಕದ ವಲಸೆ ಬಂಧನ ಕೇಂದ್ರಗಳಿಂದ ಗಡೀಪಾರಾದವರ ಬಗ್ಗೆ ಹೋದ ಸಂಚಿಕೆಯ ಕೆಳಗೆ ಒಬ್ಬರು ಬರೆದಿದ್ದಾರೆ: "ಅವರೇ ಸಹಿ ಹಾಕಿ ವಾಪಸ್ ಹೊರಟ್ರಲ್ಲ, ಇನ್ನೇನು ತಕರಾರು?" ಇವತ್ತು ಇದಕ್ಕಷ್ಟೇ ಉತ್ತರ.

ಅಮೆರಿಕದ ವಲಸೆ ಬಂಧನ ಕೇಂದ್ರದಲ್ಲಿ ಇರೋರು ಶಿಕ್ಷೆಯಾದ ಕೈದಿಗಳಲ್ಲ. ಅದು ಸಿವಿಲ್ ಬಂಧನ, ಅಂದ್ರೆ ಅಪರಾಧಕ್ಕೆ ಶಿಕ್ಷೆಯಲ್ಲ, ವಲಸೆ ಪ್ರಕರಣಕ್ಕಾಗಿ ಹಿಡಿದಿಡೋದು. ಸಿವಿಲ್ ಅನ್ನೋ ಕಾರಣಕ್ಕೇ ಸರ್ಕಾರ ವಕೀಲರನ್ನ ಕೊಡಲ್ಲ. ಅದೇ ಊರಲ್ಲಿ ಕೊಲೆ ಆರೋಪಿಗೆ ದುಡ್ಡಿಲ್ಲದಿದ್ರೆ ಸರ್ಕಾರದ ಖರ್ಚಲ್ಲಿ ವಕೀಲರು ಬರ್ತಾರೆ. ಊರಲ್ಲಿ ಜೀವಭಯ ಅಂತ ಆಶ್ರಯ ಕೇಳಿ ಬಂದವನಿಗೆ ಬರಲ್ಲ. ಅವನ ಮುಂದೆ ಒಂದು ಇಂಗ್ಲಿಷ್ ಕಾಗದ ಇಡ್ತಾರೆ. ವಿಚಾರಣೆ ಬೇಡ, ಗಡೀಪಾರು ಒಪ್ಪಿದ್ದೇನೆ ಅಂತ ಅದರಲ್ಲಿರತ್ತೆ. ಸಹಿ ಹಾಕದಿದ್ರೆ ಎಷ್ಟು ತಿಂಗಳು ಒಳಗಿರಬೇಕೋ ಯಾರೂ ಹೇಳಲ್ಲ. ಹಾಕಿದ್ರೆ ಐದು ವರ್ಷ, ಎಷ್ಟೋ ಜನಕ್ಕೆ ಹತ್ತು ವರ್ಷ ಆ ದೇಶದ ಬಾಗಿಲು ಬಂದ್. ಇದು ಸ್ವಇಚ್ಛೆನಾ? ಸಾಹುಕಾರ ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡ ಕಥೆ ನಮ್ಮ ಯಾವ ಊರಲ್ಲಿಲ್ಲ ಹೇಳಿ. ಅದನ್ನ ನಾವು ಸ್ವಇಚ್ಛೆ ಅಂದಿದ್ದೀವಾ?

ಕೆಲಸದ ವಿಷಯಕ್ಕೂ ಅಲ್ಲಿ ಇದೇ ಪದ. ‘ಸ್ವಯಂಪ್ರೇರಿತ ಕೆಲಸ’ವಂತೆ. ಅಡುಗೆ, ಬಟ್ಟೆ ಒಗೆಯೋದು, ಶೌಚಾಲಯ ತೊಳೆಯೋದು, ಕೂಲಿ ಹೆಚ್ಚಿನ ಕಡೆ ದಿನಕ್ಕೆ 1 ಡಾಲರ್. ಗಂಟೆಗಲ್ಲ ರೀ, ದಿನಕ್ಕೆ! ಈ ದರ ನಿಗದಿಯಾಗಿದ್ದು 1970ರ ದಶಕದಲ್ಲಿ. ಮನೆಗೆ ಫೋನ್ ಮಾಡೋಕೆ, ಒಂದು ಪೊಟ್ಟಣ ನೂಡಲ್ಸ್ ಕೊಳ್ಳೋಕೆ ಆ ಡಾಲರೇ ಗತಿ. ವಾಷಿಂಗ್ಟನ್ ರಾಜ್ಯದ ಟಕೋಮಾದಲ್ಲಿರೋ ಬಂಧನ ಕೇಂದ್ರ ನಡೆಸೋ ಜಿಯೋ ಗ್ರೂಪ್ ಅನ್ನೋ ಖಾಸಗಿ ಜೈಲು ಕಂಪನಿ ಕನಿಷ್ಠ ವೇತನ ಕೊಡಲೇಬೇಕು ಅಂತ 2021ರಲ್ಲಿ ಜ್ಯೂರಿ ತೀರ್ಪು ಕೊಟ್ಟಿತು. ಬಂಧಿತರಿಗೆ ಬರಬೇಕಾದ ಬಾಕಿ 1.73 ಕೋಟಿ ಡಾಲರ್! 2025ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನ ಎತ್ತಿಹಿಡಿಯಿತು. ತೀರ್ಪು ಬಂದ ಮೇಲೆ ಕಂಪನಿ ಮಾಡಿದ್ದೇನು? ಆ ಕೆಲಸವನ್ನೇ ನಿಲ್ಲಿಸಿಬಿಟ್ಟಿತು.

"ಇಷ್ಟ ಇಲ್ಲದಿದ್ರೆ ಬೇಡ ಅನ್ನಬಹುದಿತ್ತಲ್ಲ" ಅಂತೀರಾ? ಬೇಡ ಅಂದವರ ಕಥೆ ಕೇಳಿ. 2019ರ ಜನವರಿ, ಟೆಕ್ಸಾಸ್ ರಾಜ್ಯದ ಎಲ್ ಪಾಸೊ ಊರಿನ ಬಂಧನ ಕೇಂದ್ರ. ಉಪವಾಸ ಕೂತವರಲ್ಲಿ ಹೆಚ್ಚಿನವರು ನಮ್ಮ ಪಂಜಾಬಿನ ಹುಡುಗರು. ಸತತ ಒಂಬತ್ತು ಊಟ ಬಿಟ್ರೆ ಅಲ್ಲಿನ ನಿಯಮದಲ್ಲಿ ಅದು ಉಪವಾಸ ಸತ್ಯಾಗ್ರಹ. ಅಧಿಕಾರಿಗಳು ಕೋರ್ಟ್ ಆದೇಶ ತಂದರು, ಮೂಗಿನೊಳಗೆ ನಳಿಗೆ ತೂರಿಸಿ ಹೊಟ್ಟೆವರೆಗೆ ಇಳಿಸಿದರು, ದ್ರವಾಹಾರ ಸುರಿದರು. ಮೂಗಲ್ಲಿ ರಕ್ತ, ದಿನಕ್ಕೆ ಎಷ್ಟೋ ಸಲ ವಾಂತಿ ಅಂತ ಮನೆಯವರು ಹೇಳಿದರು. ಗಲಾಟೆಯಾದ ಮೇಲೆ ಫೆಬ್ರವರಿಯಲ್ಲಿ ನಿಲ್ಲಿಸಿದರು. ಅನ್ನ ಬೇಡ ಅನ್ನೋಕೂ ಬಿಡದ ಜಾಗದಲ್ಲಿ ಸಹಿ ಬೇಡ ಅನ್ನಬಹುದಿತ್ತಂತೆ!

"ಕಾನೂನು ಮುರಿದು ಗಡಿ ದಾಟಿದ್ರಲ್ಲ" ಅನ್ನೋರೂ ಇದ್ದೀರಿ. ದಾಟಿರಲಿ. ಹೇಗೇ ಬಂದಿದ್ರೂ ಆಶ್ರಯಕ್ಕೆ ಅರ್ಜಿ ಹಾಕಬಹುದು ಅಂತ 1980ರಿಂದ ಅವರದೇ ಕಾಯ್ದೆ ಹೇಳ್ತಿದೆ. ಇಲ್ಲಿ ಪ್ರಶ್ನೆ ಸಹಿಯದು. ಬೀಗ ಹಾಕಿ ತಗೊಂಡ ಸಹಿ ಸಹಿಯಲ್ಲ. ಹತ್ತು ಸಲ ಕೇಳಿ, ಹತ್ತು ಸಲವೂ ಅದನ್ನೇ ಹೇಳ್ತೀನಿ!

ಚಾನೆಲ್ ಸಬ್‌ಸ್ಕ್ರೈಬ್ ಮಾಡಿ, ಅದಕ್ಕಿಂತ ಮೊದಲು ಇದನ್ನ ಅಲ್ಲಿರೋ ನಿಮ್ಮವರಿಗೆ ಕಳಿಸಿ. ಯಾರಾದ್ರೂ ಒಳಗೆ ಸಿಕ್ಕಿಬಿದ್ದಿದ್ರೆ ಮೊದಲು ಎ-ನಂಬರ್ ಬರೆದುಕೊಳ್ಳಿ, ಅದು ವಲಸಿಗರಿಗೆ ಅಲ್ಲಿನ ಸರ್ಕಾರ ಕೊಡೋ ಗುರುತಿನ ಸಂಖ್ಯೆ, ಒಂಬತ್ತು ಅಂಕಿ. ಅದು ಮತ್ತು ಹುಟ್ಟಿದ ದೇಶ ಹಾಕಿದ್ರೆ ಯಾವ ಕೇಂದ್ರದಲ್ಲಿದ್ದಾರೆ ಅಂತ ವಲಸೆ ಬಂಧನ ನೋಡಿಕೊಳ್ಳೋ ICE ಇಲಾಖೆಯ ವೆಬ್‌ಸೈಟಲ್ಲಿ ಹುಡುಕಬಹುದು. ಫೋನಿಗೆ ಸಿಕ್ಕಾಗ ಎರಡೇ ಮಾತು ಹೇಳಿ. ಊರಿಗೆ ಹೋದ್ರೆ ಜೀವಭಯ ಇದ್ರೆ ಅಧಿಕಾರಿ ಕೇಳಲಿ ಅಂತ ಕಾಯದೆ ನೀನೇ ಬಾಯಿಬಿಟ್ಟು ಹೇಳು. ಅರ್ಥವಾಗದ ಕಾಗದಕ್ಕೆ ಪೆನ್ನು ಮುಟ್ಟಿಸಬೇಡ, ದುಭಾಷಿ ಬೇಕು ಅನ್ನು.