ರಿಜಿಸ್ಟರಿನ ಅಂಚು

(ಮಂಗಳೂರಿನಲ್ಲಿ ಅಂತರರಾಷ್ಟ್ರೀಯ ದಾಖಲೆ ದಿನದಂದು ಮಾಡಿದ ಉಪನ್ಯಾಸ)

ವೇದಿಕೆಯ ಮೇಲಿರುವ ಫಾದರ್‌ಗಳೇ, ಸಿಸ್ಟರ್‌ಗಳೇ, ಹಿಂದಿನ ಸಾಲಿನಲ್ಲಿ ಗೋಡೆಗೆ ಒರಗಿ ಕುಳಿತಿರುವ ನನ್ನ ಹಳೆಯ ವಿದ್ಯಾರ್ಥಿಗಳೇ,

ದಾಖಲೆ ದಿನಕ್ಕೆ ಜೂನ್ 9 ಆರಿಸಿದವರು ಕರಾವಳಿಯವರಂತೂ ಅಲ್ಲ. ನಮ್ಮಲ್ಲಿ ಕಾಗದಕ್ಕೆ ಗ್ರಹಚಾರ ಶುರುವಾಗುವುದೇ ಈ ವಾರ. ಇನ್ನು ನಾಲ್ಕು ತಿಂಗಳು ಕಪಾಟಿನ ಬಾಗಿಲು ತೆಗೆದರೆ ಬೂಷ್ಟಿನ ವಾಸನೆ.

ಆಮಂತ್ರಣದಲ್ಲಿ ‘ಧರ್ಮಪ್ರಾಂತ್ಯದ ದಾಖಲೆಗಳಲ್ಲಿರುವ ನಿಧಿ’ ಅಂತ ಹಾಕಿದ್ದೀರಿ. ಧರ್ಮಪ್ರಾಂತ್ಯ ಅಂದರೆ ಒಬ್ಬ ಬಿಷಪರ ಕೈಕೆಳಗಿನ ಇಗರ್ಜಿಗಳು, ಅಂದರೆ ಚರ್ಚುಗಳು. ಪೋರ್ಚುಗೀಸರ ಚಿನ್ನದ ವಿಷಯ ಕೇಳಲು ಯಾರಾದರೂ ಬಂದಿದ್ದರೆ ಈಗಲೇ ಹೇಳಿಬಿಡುತ್ತೇನೆ, ಅದು ನನ್ನ ಹತ್ತಿರ ಇಲ್ಲ. ಬಿಷಪರ ಹತ್ತಿರವೂ ಇಲ್ಲ. ಇದ್ದಿದ್ದರೆ ನಮ್ಮ ಕಪಾಟುಗಳಿಗೆ ಇಷ್ಟು ಹೊತ್ತಿಗೆ ಹೊಸ ಬಾಗಿಲು ಬಂದಿರುತ್ತಿತ್ತು.

ನಾನು ಇವತ್ತು ಮಾತಾಡಲು ಒಪ್ಪಿದ್ದು ಒಂದು ಸಿಟ್ಟಿನಿಂದ. ಒಂದು ಇಗರ್ಜಿಯಲ್ಲಿ, ಹೆಸರು ಬೇಡ, ಹಳೆಯ ದೀಕ್ಷಾಸ್ನಾನದ, ಅಂದರೆ ಬ್ಯಾಪ್ಟಿಸಂನ, ರಿಜಿಸ್ಟರುಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿದರು. ಒಳ್ಳೆಯ ಕೆಲಸ. ಆಮೇಲೆ ಮೂಲ ಪುಸ್ತಕಗಳನ್ನು ಗುಜರಿಗೆ ಕಟ್ಟಿ ಇಟ್ಟರು. ‘ಹೆಸರು, ತಾರೀಕು, ಅಪ್ಪ, ಅಮ್ಮ ಎಲ್ಲ ಬಂದಿದೆ ಸರ್, ಇನ್ನು ಯಾಕೆ?’ ಎಂದರು. ನಾನು ಕೇಳಿದ್ದು ಒಂದೇ. ಅಂಚು ಬಂದಿದೆಯಾ? ಅವರಿಗೆ ಅರ್ಥ ಆಗಲಿಲ್ಲ. ನಿಮಗಾದರೂ ಆಗಲಿ ಎಂದು ಬಂದಿದ್ದೇನೆ.

ಹಿನ್ನೆಲೆ ನಿಮಗೆ ಗೊತ್ತಿದೆ, ಓಡಿಸಿಕೊಂಡು ಹೋಗುತ್ತೇನೆ. ಇಲ್ಲಿನ ರೊಸಾರಿಯೊ ಇಗರ್ಜಿ 1568ರದ್ದು. ಇಟಲಿಯ ಪಿಯೆತ್ರೊ ದೆಲ್ಲಾ ವಾಲೆ 1623ರಲ್ಲಿ ಇಲ್ಲಿಗೆ ಬಂದಾಗ ಮಂಗಳೂರಿನಲ್ಲಿ ಮೂರು ಇಗರ್ಜಿಗಳನ್ನು ನೋಡಿ ಬರೆದಿಟ್ಟ. ಕಲ್ಯಾಣಪುರದ ಮಿಲಾಗ್ರಿಸ್ 1678, ಇಲ್ಲಿನ ಮಿಲಾಗ್ರಿಸ್ 1680. ಇವೆಲ್ಲಕ್ಕೂ ಮೊದಲೇ, 1563ರಲ್ಲಿ, ಕ್ಯಾಥೊಲಿಕ್ ಧರ್ಮಸಭೆಯ ಟ್ರೆಂಟ್ ಮಹಾಸಭೆ ಪ್ರತಿ ಗುರುವೂ ದೀಕ್ಷಾಸ್ನಾನ ಮತ್ತು ಮದುವೆಯ ಲೆಕ್ಕ ಬರೆದಿಡಬೇಕು ಎಂದು ಆಜ್ಞೆ ಮಾಡಿತ್ತು. ಹಾಗಾದರೆ ನಮ್ಮಲ್ಲಿ ಮುನ್ನೂರು, ನಾನ್ನೂರು ವರ್ಷಗಳ ರಿಜಿಸ್ಟರುಗಳು ಸಾಲಾಗಿ ಇರಬೇಕಿತ್ತು, ಅಲ್ವಾ?

ಇಲ್ಲ. 1784 ಅಡ್ಡ ಬರುತ್ತದೆ.

ಟಿಪ್ಪು ಸುಲ್ತಾನ ಇಲ್ಲಿನ ಕ್ಯಾಥೊಲಿಕರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದ ಕಥೆ ನಾನು ಹೇಳಬೇಕಾಗಿಲ್ಲ, ಈ ಸಭೆಯಲ್ಲಿ ಅರ್ಧ ಮಂದಿಯ ಮನೆಯಲ್ಲಿ ಅದು ಇದೆ. ನನಗೆ ಬೇಕಾಗಿರುವುದು ಅದರ ಒಂದು ಮೂಲೆ ಮಾತ್ರ. ಇಪ್ಪತ್ತೇಳು ಇಗರ್ಜಿಗಳು ನೆಲಸಮವಾದವು ಎನ್ನುತ್ತಾರೆ. ಮೂಡುಬಿದಿರೆಯ ಹೊಸಪೇಟೆಯ ಇಗರ್ಜಿ ಚೌಟ ಅರಸರ ದಾಕ್ಷಿಣ್ಯದಿಂದ ಉಳಿಯಿತು ಎಂಬ ಮಾತಿದೆ. ಗೋಡೆ ಬಿದ್ದರೆ ಮತ್ತೆ ಕಟ್ಟಬಹುದು. ಕಟ್ಟಿದರು ಕೂಡ, 1799ರಲ್ಲಿ ಟಿಪ್ಪು ಸತ್ತ ನಂತರ. ಒಳಗಿದ್ದ ಪುಸ್ತಕ? ಸೆರೆ ಹೋದವರು ಎಷ್ಟು ಜನ ಎಂಬ ಜಗಳ ಇವತ್ತಿಗೂ ನಿಂತಿಲ್ಲ. ಜೊತೆಗೇ ಸೆರೆಯಲ್ಲಿದ್ದ ಇಂಗ್ಲಿಷಿನವ ಸ್ಕರಿ 30,000 ಎನ್ನುತ್ತಾನೆ. ಕೆನರಾದ ಮೊದಲ ಕಲೆಕ್ಟರ್ ಮನ್ರೋ 60,000 ಎಂದ. ಪ್ರವಾಸಿ ಬುಕಾನನ್ 70,000 ಎಂದ. ಟಿವಿಯಲ್ಲಿ ಒಬ್ಬರು ಒಂದು ಸಂಖ್ಯೆ ಹಿಡಿದರೆ ಎದುರಿನವರು ಇನ್ನೊಂದು ಹಿಡಿಯುತ್ತಾರೆ. ರಿಜಿಸ್ಟರುಗಳು ಉಳಿದಿದ್ದರೆ ಊರೂರಿನ ಹೆಸರು ಎಣಿಸಿ ನೋಡಬಹುದಿತ್ತು. ಈಗ ಗಂಟಲು ದೊಡ್ಡದಿದ್ದವರದ್ದೇ ಲೆಕ್ಕ.

ಹಾಗಾಗಿಯೇ ‘ನಮ್ಮ ವಂಶವೃಕ್ಷ ಹುಡುಕಿಕೊಡಿ’ ಎಂದು ಬಂದವರಿಗೆ ನಾನು ಮೊದಲೇ ಹೇಳುತ್ತೇನೆ, 1800ರ ಆಚೀಚೆ ದಾರಿ ಮುಚ್ಚಿಹೋಗುತ್ತದೆ. ಅದರಾಚೆ ಏನಾದರೂ ಬೇಕಿದ್ದರೆ ಗೋವಾದ ದಾಖಲೆ ಭಂಡಾರಕ್ಕೆ ಹೋಗಿ, 1595ರಲ್ಲಿ ಶುರುವಾದದ್ದು. ಅಲ್ಲಿ ‘ಮುಂಗಾರಿನ ಪುಸ್ತಕಗಳು’ ಎಂಬ ಸಾಲೇ ಇದೆ. ಲಿಸ್ಬನ್‌ಗೆ ಹೋಗಿಬರುವ ಹಡಗು ಗಾಳಿ ನೋಡಿಕೊಂಡು ಹೊರಡುತ್ತಿತ್ತು, ಪತ್ರಗಳೂ ಅದರ ಜೊತೆಗೇ. ಪೋರ್ಚುಗೀಸ್ ಕಲಿತು ಹೋಗಿ. ಈ ಮಾತು ಕೇಳಿದ ಮೇಲೆ ಸಾಮಾನ್ಯವಾಗಿ ಯಾರೂ ವಾಪಸ್ ಬರುವುದಿಲ್ಲ.

ಈಗ ಅಂಚಿಗೆ ಬರುತ್ತೇನೆ. ಹಳೆಯ ರಿಜಿಸ್ಟರಿನ ಒಂದು ಪುಟ ಕಣ್ಣ ಮುಂದೆ ತಂದುಕೊಳ್ಳಿ. ಇಂಕು ಕಪ್ಪಿದ್ದದ್ದು ಕಂದಾಗಿದೆ. ಗೀಟು ಹೊಡೆದಲ್ಲಿ ಕಾಗದ ಸೀಳಿದೆ, ಆ ಇಂಕಿನಲ್ಲಿರುವ ಕಬ್ಬಿಣವೇ ಕಾಗದವನ್ನು ತಿನ್ನುತ್ತದೆ. ನಡುವೆ ಲ್ಯಾಟಿನ್‌ನಲ್ಲಿ ಮೂರು ಸಾಲು. ಇಂಥ ದಿನ, ಇಂಥವರ ಮಗುವಿಗೆ, ನಾನು ದೀಕ್ಷಾಸ್ನಾನ ಕೊಟ್ಟೆ, ಸಾಕ್ಷಿಗೆ ಇಂಥವರು. ಪುಟದ ಮೇಲೆ ಪುಟ ಅದೇ ಮಾತು. ವಿಗಾರರ, ಅಂದರೆ ಇಗರ್ಜಿಯ ಮುಖ್ಯ ಗುರುಗಳ, ಕೈ ಅದನ್ನು ನಿದ್ದೆಯಲ್ಲೂ ಬರೆಯುತ್ತಿತ್ತು. ಆದರೆ ಎಡಗಡೆ ಎರಡು ಬೆರಳು ಅಗಲದ ಜಾಗ ಬಿಟ್ಟಿರುತ್ತಾರೆ. ಅಲ್ಲಿ ಬೇರೆ ಕೈ, ಬೇರೆ ಇಂಕು, ಇಪ್ಪತ್ತು ಮೂವತ್ತು ವರ್ಷಗಳ ನಂತರದ ಬರಹ. 1908ರ ಈಸ್ಟರ್‌ನಿಂದ ಹೊಸ ನಿಯಮ ಬಂತು. ನೀವು ಲೋಕದ ಯಾವ ಮೂಲೆಯಲ್ಲಿ ಮದುವೆಯಾದರೂ, ಅಲ್ಲಿನ ಗುರು ನಿಮಗೆ ದೀಕ್ಷಾಸ್ನಾನ ಆದ ಇಗರ್ಜಿಗೆ ತಿಳಿಸಬೇಕು. ಇಲ್ಲಿನವರು ಅದನ್ನು ಅಂಚಿನಲ್ಲಿ ಬರೆಯಬೇಕು. ಎರಡು ಸಲ ಮದುವೆ ಆಗುವವರನ್ನು ಹಿಡಿಯಲು ಒಳ್ಳೆಯ ಉಪಾಯ. ನಮ್ಮಂಥವರಿಗೆ ಅದು ಬೇರೆಯೇ ಉಪಕಾರ ಮಾಡಿತು.

ಒಮ್ಮೆ ವಯಸ್ಸಾದ ಬಾಯಿಯೊಬ್ಬರು (ಹೆಂಗಸರನ್ನು ನಾವು ಗೌರವದಿಂದ ಹಾಗೆ ಕರೆಯುತ್ತೇವೆ) ಬಂದರು, ಅವರ ತಂದೆಯ ದೀಕ್ಷಾಸ್ನಾನದ ಚೀಟಿ ಬೇಕಿತ್ತು. ಶಾಲೆಯ ದಾಖಲೆಯಲ್ಲಿ ತಂದೆ ಹುಟ್ಟಿದ್ದು ಜೂನ್ 1. ನಮ್ಮ ಜಿಲ್ಲೆಯ ಅರ್ಧ ಗಂಡಸರು ಹುಟ್ಟಿದ್ದೇ ಜೂನ್ 1ಕ್ಕೆ, ಹೆಡ್‌ಮಾಸ್ತರರ ಕೃಪೆ. ಪುಟ ಹುಡುಕುವಾಗ ತಂದೆಯ ತಮ್ಮನ ಹೆಸರೂ ಸಿಕ್ಕಿತು. ‘ಓ, ಅವನಾ? ಹುಡುಗನಿದ್ದಾಗಲೇ ಹಡಗು ಹತ್ತಿ ಹೋದವ. ಸಮುದ್ರದಲ್ಲಿ ಸತ್ತ’ ಎಂದರು. ಅಜ್ಜಿ ಪ್ರತಿ ನವೆಂಬರಿನಲ್ಲಿ ಅವನ ಆತ್ಮಕ್ಕೆ ಪೂಜೆ ಹೇಳಿಸುತ್ತಿದ್ದರಂತೆ. ಅಜ್ಜಿಯ ನಂತರ ಅಮ್ಮ, ಅಮ್ಮನ ನಂತರ ಇವರು. ನಾನು ಅಂಚು ನೋಡಿದೆ. ಸಣ್ಣ ಅಕ್ಷರದಲ್ಲಿ: ಕರಾಚಿಯಲ್ಲಿ ಮದುವೆಯಾಗಿದೆ. ತಾರೀಕು ಇದೆ, ಹುಡುಗಿಯ ಹೆಸರೂ ಇದೆ. ಹಡಗು ಹತ್ತಿ ಹನ್ನೆರಡು ವರ್ಷಗಳ ನಂತರ!

ಬಾಯಿ ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. ನಾನು ಕಣ್ಣೀರು ಬರುತ್ತದೆ ಅಂತ ನೀರಿನ ಲೋಟ ಹತ್ತಿರ ಸರಿಸಿದೆ. ಅವರು ವಿಗಾರರ ಕಡೆ ತಿರುಗಿ, ‘ಹಾಗಾದ್ರೆ ಫಾದರ್, ನಾವು ಹೇಳಿಸಿದ ಪೂಜೆಗಳೆಲ್ಲ ಯಾರ ಲೆಕ್ಕಕ್ಕೆ ಹೋಯ್ತು ಮಾರಾಯ್ರೆ?’ ಎಂದರು. ವಿಗಾರರು ಘಾಟಿ. ‘ಯಾರಾದರೂ ಬಡ ಆತ್ಮಕ್ಕೆ ಹೋಗಿರುತ್ತದೆ ಬಾಯಿ, ಹಾಳಾಗುವುದಿಲ್ಲ’ ಎಂದರು. ಬಾಯಿ ಸ್ವಲ್ಪ ಯೋಚಿಸಿ ಪರ್ಸ್ ತೆಗೆದರು. ‘ಈಗಂತೂ ಅವ ಬದುಕಿರಲಿಕ್ಕಿಲ್ಲ. ಒಂದು ಹೊಸತಾಗಿ ಬರೆದುಕೊಳ್ಳಿ. ಹೆಂಡತಿಯ ಹೆಸರೂ ಸೇರಿಸಿ.’

ಆ ವಿಷಯ ಇಲ್ಲಿನ ವಿಗಾರರಿಗೆ ಬಂದು ತಲುಪಿತ್ತು. ಅವರು ಬರೆದಿಟ್ಟರು. ಮನೆಗೆ ಹೇಳಿದರೋ ಇಲ್ಲವೋ ಯಾರಿಗೆ ಗೊತ್ತು. ಹೆಸರು, ತಾರೀಕು ಮಾತ್ರ ಟೈಪ್ ಮಾಡಿದ ಕಂಪ್ಯೂಟರಿನಲ್ಲಿ ಆ ಹುಡುಗ ಇನ್ನೂ ಸಮುದ್ರದಲ್ಲೇ ಇರುತ್ತಿದ್ದ.

ಸರಿ, ಮುಂದೆ. ಮರಣದ ರಿಜಿಸ್ಟರು. 1902ರಲ್ಲಿ ಪ್ಲೇಗ್ ರೋಗಿಗಳಿಗೆಂದೇ ಫಾದರ್ ಮುಲ್ಲರ್ ಕಂಕನಾಡಿಯಲ್ಲಿ ಆಸ್ಪತ್ರೆ ತೆರೆದದ್ದನ್ನು ಎಲ್ಲರೂ ಹೇಳುತ್ತೇವೆ. ಆ ವರ್ಷದ ಸಾವುಗಳನ್ನು ವಾರ್ಡು ವಾರ್ಡಾಗಿ ಲೆಕ್ಕ ಹಾಕಲು ಒಬ್ಬ ಎಂಎ ಹುಡುಗ, ಒಬ್ಬ ಹುಡುಗಿ ಸಾಕು. ಯಾರಾದರೂ ಮಾಡಿ. ಅಲ್ಲೂ ಅಂಚು ನೋಡಿ.

ಕೊಡಿಯಾಲ್‌ಬೈಲ್ ಪ್ರೆಸ್ ಬಗ್ಗೆ ಹತ್ತು ನಿಮಿಷ ಇಟ್ಟುಕೊಂಡಿದ್ದೆ. 1882ರ ಪ್ರೆಸ್. ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ, ಬಿಟ್ಟೆ.

ರಹಸ್ಯ ಕಪಾಟಿನ ಪ್ರಶ್ನೆ ಹೇಗೂ ಬರುತ್ತದೆ, ಮೊದಲೇ ಉತ್ತರಿಸುತ್ತೇನೆ. ಹೌದು, ಪ್ರತಿ ಧರ್ಮಪ್ರಾಂತ್ಯದಲ್ಲೂ ಅಂಥದ್ದೊಂದು ಇರಬೇಕು ಎಂದು ಧರ್ಮಸಭೆಯ ಕಾನೂನೇ ಹೇಳುತ್ತದೆ. ಕೀ ಬಿಷಪರ ಹತ್ತಿರ ಮಾತ್ರ. ಅದರಲ್ಲಿ ಕೆಲವು ಬಗೆಯ ಹಳೆಯ ಕೇಸುಗಳ ಕಾಗದವನ್ನು ವರ್ಷವರ್ಷ ನಾಶ ಮಾಡಿ, ಚಿಕ್ಕ ಸಾರಾಂಶ ಮತ್ತು ಅಂತಿಮ ತೀರ್ಪು ಮಾತ್ರ ಇಡಬೇಕು. ನನ್ನಂಥ ಇತಿಹಾಸದವನಿಗೆ ಅದು ಸಂಕಟವೇ. ಆದರೆ ಅದು ಕಾನೂನು. ಇತಿಹಾಸದ ದಾಖಲೆಗಳಿಗೂ ಬೇರೆಯೇ ಭಂಡಾರ ಇರಬೇಕು ಎಂದೂ ಅದೇ ಕಾನೂನಿನಲ್ಲಿದೆ. ಅದನ್ನು ಯಾರೂ ಇಷ್ಟು ಕುತೂಹಲದಿಂದ ಕೇಳುವುದಿಲ್ಲ, ನೋಡಿ.

ಉಡುಪಿಯಿಂದ ಬಂದವರಿಗೆ ಒಂದು ಮಾತು. ನಿಮ್ಮ ಧರ್ಮಪ್ರಾಂತ್ಯ ಬೇರೆಯಾದದ್ದು 2012ರಲ್ಲಿ. ಮಂಗಳೂರಿನದು 1886ರದ್ದು. ಈ ನಡುವಿನ ನೂರಿಪ್ಪತ್ತಾರು ವರ್ಷ ನಿಮ್ಮ ಇಗರ್ಜಿಗಳು ಬಿಷಪರಿಗೆ ಬರೆದ ಕಾಗದ ಬಂದದ್ದು ಮಂಗಳೂರಿಗೆ. ಪೇಟೆಗೆ ಬಂದಾಗ ಅನುಮತಿ ಕೇಳಿ, ಕುಳಿತು ನೋಡಿ.

ಸಮಯ ಆಯಿತು. ಇಗರ್ಜಿಗಳ ಗುರ್ಕಾರರು (ವಾರ್ಡಿನ ಮುಖ್ಯಸ್ಥರು), ಕಾರ್ಯದರ್ಶಿಗಳು ಇದ್ದೀರಿ, ನಿಮಗಾಗಿ. ಸೆಲ್ಲೋಟೇಪ್ ಅಂಟಿಸಬೇಡಿ. ಲ್ಯಾಮಿನೇಶನ್ ಬೇಡವೇ ಬೇಡ. ಕಪಾಟನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆಯಿರಿ, ಮಳೆಗಾಲದಲ್ಲಿ ಗೋಡೆ ನೀರು ಕುಡಿಯುತ್ತದೆ. ಫೋಟೋ ತೆಗೆಯುವಾಗ ಪುಟದ ನಾಲ್ಕೂ ಮೂಲೆ ಕಾಣಬೇಕು. ಚಂದ ಕಾಣಲಿ ಅಂತ ಎಡಗಡೆ ಕತ್ತರಿಸಿದರೆ ನಾನು ಮನೆಗೇ ಬಂದು ಬೈಯುತ್ತೇನೆ. ಪುಸ್ತಕವನ್ನು ಮಾತ್ರ ಗುಜರಿಗೆ ಕೊಡಬೇಡಿ, ಜಾಗ ಇಲ್ಲದಿದ್ದರೆ ಬಿಷಪ್ಸ್ ಹೌಸಿಗೆ ಫೋನ್ ಮಾಡಿ.

ಹೊರಗೆ ಚಹಾ, ಗೋಳಿಬಜೆ ಇದೆ. ಪಕ್ಕದ ಕೋಣೆಯಲ್ಲಿ ನಾಲ್ಕು ರಿಜಿಸ್ಟರು ತೆರೆದಿಟ್ಟಿದ್ದಾರೆ. ಮೊದಲು ರಿಜಿಸ್ಟರು ನೋಡಿ, ಆಮೇಲೆ ಗೋಳಿಬಜೆ. ಉಲ್ಟಾ ಮಾಡುವವರು ಸೋಪು ಹಾಕಿ ಕೈ ತೊಳೆದು ಬನ್ನಿ.